ಊರಿಗೊಂದು ಕಾಲಮಾನ

ತಿರುಪತಿಯಿಂದ ತಿರುಮಲೆಗೆ ಹತ್ತುವ ಘಾಟಿ ರಸ್ತೆಯ ಒಂದು ತಿರುವಿನಲ್ಲಿ ಬೆಟ್ಟದ ಮೈ ಎರಡು ಬಗೆಯ ಬಂಡೆಯಾಗಿ ಕಾಣುತ್ತದೆ. ಕೆಳಗೆ ಅಡ್ಡಾದಿಡ್ಡಿ ಬಿರುಕುಬಿಟ್ಟ ಗ್ರಾನೈಟ್. ಅದರ ಮೇಲೆ ಪದರ ಪದರವಾಗಿ ಕೂತ ಕೆಂಬಣ್ಣದ ಬೆಣಚುಗಲ್ಲು. ಎರಡೂ ಕೂಡುವ ಗೆರೆಯನ್ನು ಬೆರಳಿಟ್ಟು ತೋರಿಸಬಹುದು. ಕೆಳಗಿನ ಗ್ರಾನೈಟ್ ನೆಲದಾಳದಲ್ಲಿ ಗಟ್ಟಿಯಾಗಿ, ನಿಧಾನವಾಗಿ ಮೇಲೆ ಬಂದು, ಗಾಳಿ ಮಳೆಗೆ ಸವೆದು ಸಪಾಟಾದ ಎಷ್ಟೋ ಕಾಲದ ಮೇಲೆ ಅಲ್ಲಿ ಸಮುದ್ರ ಬಂದು ಮರಳು ಹರಡಿತು. ಹಾಗಾಗಿ ಆ ಒಂದು ಗೆರೆಯಲ್ಲಿ ಹತ್ತಾರು ಕೋಟಿ ವರ್ಷ ಅಡಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಸ್ಸಿನಲ್ಲಿ ಕೂತು ಗೋವಿಂದನಾಮ ಹೇಳುತ್ತ ಮೇಲೇರುವ ಲಕ್ಷಾಂತರ ಕನ್ನಡಿಗರು ಈ ಗೆರೆಯನ್ನು ದಾಟಿಕೊಂಡೇ ಹೋಗುತ್ತಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಇಲಾಖೆಯ ನಿರ್ದೇಶಕರಾಗಿದ್ದ ಥಾಮಸ್ ಹಾಲೆಂಡ್ ಅವರಿಗೆ ಇಂಥ ಗೆರೆಗಳು ದೊಡ್ಡ ಪ್ರಶ್ನೆಯಾಗಿ ಕಂಡವು. ಯುರೋಪಿನಲ್ಲಿ ಸಿದ್ಧವಾಗಿದ್ದ ಭೂಕಾಲದ ಪಟ್ಟಿ ಕೈಯಲ್ಲಿತ್ತು. ಆದರೆ ಆ ಪಟ್ಟಿಯಲ್ಲಿ ಗಡಿ ಇದ್ದ ಕಡೆ ಭಾರತದ ಬಂಡೆಗಳಲ್ಲಿ ಗಡಿ ಇಲ್ಲ. ಬಂಡೆಗಳಲ್ಲಿ ಎದ್ದು ಕಾಣುವ ಗಡಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಹಾಲೆಂಡ್ ಭಾರತಕ್ಕೇ ಒಪ್ಪುವ ನಾಲ್ಕು ಭಾಗಗಳನ್ನು ಮುಂದಿಟ್ಟರು: ಆರ್ಕಿಯನ್, ಪುರಾಣ, ದ್ರಾವಿಡ, ಆರ್ಯ. ತಿರುಮಲೆಯ ಗೆರೆ ಆರ್ಕಿಯನ್ ಮುಗಿದು ಪುರಾಣ ಶುರುವಾಗುವ ಗಡಿ. ಯುರೋಪಿನ ಪಟ್ಟಿಯ ಕೇಂಬ್ರಿಯನ್ ಯುಗದಿಂದ ಕಾರ್ಬಾನಿಫೆರಸ್ ಯುಗದ ನಡುವಿನವರೆಗೆ ದ್ರಾವಿಡ. ಅಲ್ಲಿಂದ ಇಂದಿನವರೆಗೆ ಆರ್ಯ.

ಜನಾಂಗ ಮತ್ತು ಭಾಷೆಗಳ ಹೆಸರನ್ನು ಕೋಟ್ಯಂತರ ವರ್ಷ ಹಿಂದಿನ ಕಲ್ಲಿಗೆ ಅಂಟಿಸಿದ್ದು ಇಂದು ಕೇಳಲು ಹಿತವಲ್ಲ. ಆ ಎರಡು ಹೆಸರು ಬಳಕೆಯಿಂದ ಬಿದ್ದುಹೋದದ್ದು ಒಳ್ಳೆಯದೇ ಆಯಿತು. ಹಾಲೆಂಡ್ ಎತ್ತಿದ ಪ್ರಶ್ನೆ ಮಾತ್ರ ಬಿದ್ದುಹೋಗಲಿಲ್ಲ. ಭೂಮಿ ಒಂದೇ ಆದರೂ ಅದರ ಕಾಲವನ್ನು ಎಲ್ಲ ದೇಶಗಳೂ ಒಂದೇ ಗುರುತುಗಳಿಂದ ಎಣಿಸಲು ಸಾಧ್ಯವೇ? ನ್ಯೂಜಿಲೆಂಡ್, ಆಸ್ಟ್ರೇಲಿಯಾ, ರಷ್ಯಾ, ಅಮೆರಿಕ, ಚೀನಾಗಳ ಭೂವಿಜ್ಞಾನಿಗಳು ಇದೇ ಪ್ರಶ್ನೆಯನ್ನು ತಮ್ಮ ತಮ್ಮ ಬಂಡೆಗಳ ಮುಂದೆ ನಿಂತು ಕೇಳಿಕೊಂಡಿದ್ದಾರೆ. ಉತ್ತರವಾಗಿ ಪ್ರಾದೇಶಿಕ ಕಾಲಘಟ್ಟಗಳ ಉದ್ದನೆಯ ಪಟ್ಟಿಗಳನ್ನೇ ಕಟ್ಟಿದ್ದಾರೆ. ಪಠ್ಯಪುಸ್ತಕದ ಬಣ್ಣಬಣ್ಣದ ಕಾಲಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಕ್ಷೇತ್ರಕ್ಕೆ ಹೋಗುವ ಭೂವಿಜ್ಞಾನಿಗೆ ಅವಿಲ್ಲದೆ ಕೆಲಸ ಸಾಗುವುದಿಲ್ಲ.

ಜಾಗತಿಕ ಎನಿಸಿಕೊಂಡ ಪಟ್ಟಿಯೂ ಹುಟ್ಟುವಾಗ ಪ್ರಾದೇಶಿಕವೇ ಆಗಿತ್ತು. 1835ರಲ್ಲಿ ಆಡಮ್ ಸೆಜ್‌ವಿಕ್ ಮತ್ತು ರೋಡರಿಕ್ ಮರ್ಚಿಸನ್ ವೇಲ್ಸ್‌ನ ಬೆಟ್ಟಗಳನ್ನು ಹಂಚಿಕೊಂಡು ಕೇಂಬ್ರಿಯನ್, ಸೈಲೂರಿಯನ್ ಎಂಬ ಹೆಸರಿಟ್ಟರು. 1839ರಲ್ಲಿ ಇಬ್ಬರೂ ಸೇರಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಿಂದ ಡೆವೋನಿಯನ್ ತೆಗೆದರು. 1841ರಲ್ಲಿ ರಷ್ಯಾ ಸುತ್ತಿಬಂದ ಮರ್ಚಿಸನ್, ಅಲ್ಲಿನ ಪೆರ್ಮ್ ನಗರದ ಹೆಸರಿನಲ್ಲಿ ಪರ್ಮಿಯನ್ ಸೇರಿಸಿದರು. ಜುರಾಸಿಕ್‌ಗೆ ಫ್ರಾನ್ಸ್–ಸ್ವಿಟ್ಜರ್ಲೆಂಡ್ ಗಡಿಯ ಜುರಾ ಪರ್ವತ. ಆಗಿನ ಭೂವಿಜ್ಞಾನಿಗಳು ಕುದುರೆಗಾಡಿಯಲ್ಲಿ ತಲುಪಬಹುದಾದ ಕಡೆಗಳಲ್ಲಿ ಭೂಮಿಯ ಚರಿತ್ರೆ ಬರೆಯಲಾಯಿತು ಎಂದರೆ ತಪ್ಪಾಗದು. ಒಂದು ಪದರದ ಪಳೆಯುಳಿಕೆಗಳು ಇನ್ನೊಂದು ಊರಿನ ಪದರದಲ್ಲೂ ಸಿಕ್ಕರೆ ಎರಡೂ ಒಂದೇ ಕಾಲದವು ಎಂಬ ನಿಯಮ ಪಶ್ಚಿಮ ಯುರೋಪಿನೊಳಗೆ ಚೆನ್ನಾಗಿ ನಡೆಯಿತು. ಹಡಗು ಹತ್ತಿ ದೂರ ಹೋದಂತೆ ನಿಯಮ ಕುಂಟತೊಡಗಿತು.

ಭಾರತದ ಕಲ್ಲಿದ್ದಲು ಇದಕ್ಕೆ ಒಳ್ಳೆಯ ಉದಾಹರಣೆ. ಯುರೋಪಿನ ಕಲ್ಲಿದ್ದಲು ಹೆಚ್ಚಾಗಿ ಕಾರ್ಬಾನಿಫೆರಸ್ ಯುಗದ್ದು; ಬಿಸಿ ಜೌಗುನೆಲದಲ್ಲಿ ಬೆಳೆದ ದೈತ್ಯ ಮರಗಳದ್ದು. ರಾಣಿಗಂಜ್, ಝರಿಯಾಗಳ ಕಲ್ಲಿದ್ದಲು, ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಉರಿದ ಸಿಂಗರೇಣಿ ಕಲ್ಲಿದ್ದಲು ಎಲ್ಲವೂ ಅದಕ್ಕಿಂತ ಈಚಿನ ಪರ್ಮಿಯನ್ ಯುಗದವು. ಅವುಗಳಲ್ಲಿ ಯುರೋಪಿನ ಆ ಮರಗಳಿಲ್ಲ, ನಾಲಗೆಯಾಕಾರದ ಎಲೆಯ ಗ್ಲೋಸೋಪ್ಟೆರಿಸ್ ಇದೆ. ಕಲ್ಲಿದ್ದಲಿನ ಕೆಳಗೆ ಒಡಿಶಾದ ತಾಲ್ಚೇರ್‌ನಲ್ಲಿ ಹಿಮನದಿ ಹೊತ್ತು ತಂದ ಗುಂಡುಗಳ ಪದರವಿದೆ. ಬ್ಲ್ಯಾನ್‌ಫರ್ಡ್ ಸೋದರರು ಮತ್ತು ಥಿಯೋಬಾಲ್ಡ್ 1850ರ ದಶಕದಲ್ಲೇ ಅದನ್ನು ಗುರುತಿಸಿದ್ದರು. ಹಿಮ, ಕಲ್ಲಿದ್ದಲು, ಮರಳುಗಲ್ಲು, ಜೇಡಿಗಲ್ಲು ಹೀಗೆ ಪದರಗಳು ಒಂದರ ಮೇಲೊಂದು ಏರುತ್ತ, ಯುರೋಪಿನವರು ಪುರಾತನ ಜೀವಿಗಳ ಮಹಾಯುಗ ಮುಗಿಯಿತೆಂದು ಗೆರೆ ಎಳೆದ ಜಾಗವನ್ನು ದಾಟಿ ಡೈನೊಸಾರ್‌ಗಳ ಕಾಲಕ್ಕೆ ಹೋಗಿಬಿಡುತ್ತವೆ. ಇಷ್ಟನ್ನೂ ಒಂದೇ ಘಟಕವಾಗಿ ನೋಡಬೇಕೆಂದು ಹೆನ್ರಿ ಮೆಡ್ಲಿಕಾಟ್ 1872ರಲ್ಲಿ ಗೊಂಡ್ವಾನ ಎಂಬ ಹೆಸರು ಕೊಟ್ಟರು. ಮುಂದೆ ಎಡುವರ್ಡ್ ಸ್ಯೂಸ್ ಅದೇ ಹೆಸರಿನಿಂದ ದಕ್ಷಿಣದ ಮಹಾಖಂಡವನ್ನು ಕರೆದರು. ಮಧ್ಯಭಾರತದ ಬಂಡೆಗಳಿಗೆಂದು ಇಟ್ಟ ಒಂದು ಸ್ಥಳೀಯ ಹೆಸರು ಆಫ್ರಿಕಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾಗಳನ್ನು ಜೋಡಿಸಿದ ಬಗೆ ಇದು.

ಪ್ರಾದೇಶಿಕ ಹೆಸರುಗಳ ಬಗ್ಗೆ ಮಾತಾಡುವಾಗ ಒಂದು ಭೇದ ಸ್ಪಷ್ಟವಿರಬೇಕು. ಬಂಡೆಯ ಹೆಸರು ಬೇರೆ, ಕಾಲದ ಹೆಸರು ಬೇರೆ. ಬಾದಾಮಿಯ ಕೆಂಪು ಮರಳುಗಲ್ಲು ಎಂದರೆ ಕೈಯಲ್ಲಿ ಮುಟ್ಟಬಹುದಾದ ಬಂಡೆ. ಅದು ಇರುವಷ್ಟು ದೂರ ಇದೆ, ಆಮೇಲೆ ಇಲ್ಲ. ಕಾಲಘಟ್ಟ ಎನ್ನುವುದು ಹಾಗಲ್ಲ. ಆ ಅವಧಿಯಲ್ಲಿ ಒಂದು ಕಡೆ ಮರಳು, ಇನ್ನೊಂದು ಕಡೆ ಸುಣ್ಣ, ಮತ್ತೊಂದು ಕಡೆ ಲಾವಾ ಕೂತಿರಬಹುದು. ಎಲ್ಲವೂ ಅದೇ ಘಟ್ಟಕ್ಕೆ ಸೇರುತ್ತವೆ. ಬಂಡೆಯಿಂದ ಕಾಲಕ್ಕೆ ದಾಟಲು ಸೇತುವೆ ಬೇಕು. ಐವತ್ತನಾಲ್ಕು ಕೋಟಿ ವರ್ಷಗಳಿಂದೀಚಿನ ಬಂಡೆಗಳಲ್ಲಿ ಆ ಸೇತುವೆ ಮುಖ್ಯವಾಗಿ ಪಳೆಯುಳಿಕೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಂತಾರಾಷ್ಟ್ರೀಯ ಸ್ತರವಿಜ್ಞಾನ ಆಯೋಗ ಒಂದು ಕಟ್ಟುನಿಟ್ಟಿನ ಪದ್ಧತಿ ತಂದಿತು. ಪ್ರತಿ ಕಾಲಘಟ್ಟದ ಆರಂಭವನ್ನು ಜಗತ್ತಿನ ಯಾವುದೋ ಒಂದು ಊರಿನ, ಒಂದು ಬಂಡೆಯ, ಒಂದು ಬಿಂದುವಿನಲ್ಲಿ ಗುರುತಿಸುವುದು. ಭೂವಿಜ್ಞಾನಿಗಳ ಆಡುಮಾತಿನಲ್ಲಿ ಇದು ‘ಚಿನ್ನದ ಮೊಳೆ’. ಮೊದಲ ಮೊಳೆಗೆ ಮಾನ್ಯತೆ ಸಿಕ್ಕಿದ್ದು 1972ರಲ್ಲಿ, ಡೆವೋನಿಯನ್ ಯುಗದ ಆರಂಭಕ್ಕೆ. ಜಾಗ ಇಂದಿನ ಚೆಕ್ ಗಣರಾಜ್ಯದ ಕ್ಲೋಂಕ್. ಗುರುತು ಗ್ರಾಪ್ಟೊಲೈಟ್ ಎಂಬ ಗರಗಸದಂಚಿನ ಸಣ್ಣ ಸಮುದ್ರಜೀವಿಯ ಒಂದು ಪ್ರಭೇದ. ಡೆವನ್‌ನಲ್ಲಿ ಹುಟ್ಟಿದ ಯುಗದ ಬಾಗಿಲು ಪ್ರಾಗ್ ನಗರದ ಹತ್ತಿರಕ್ಕೆ ಹೋಯಿತು.

ಪದ್ಧತಿ ಚೊಕ್ಕಟವಾದದ್ದೇ. ತೊಂದರೆ ಇರುವುದು ಆ ಬಿಂದುವನ್ನು ಬೇರೆ ದೇಶದ ಬಂಡೆಯಲ್ಲಿ ಹುಡುಕುವಾಗ. ಗ್ರಾಪ್ಟೊಲೈಟ್‌ಗಳು ತೆರೆದ ಸಮುದ್ರದಲ್ಲಿ ತೇಲಿದವು. ತೀರದ ಸುಣ್ಣಕಲ್ಲಿನಲ್ಲಿ ಅವು ಅಪರೂಪ. ಸಮುದ್ರತಳದಲ್ಲಿ ಹರಿದಾಡಿದ ಎಷ್ಟೋ ಟ್ರೈಲೊಬೈಟ್‌ಗಳು ತಮ್ಮ ಖಂಡದ ಅಂಚು ಬಿಟ್ಟು ಕದಲಲಿಲ್ಲ. ಬಿಸಿನೀರಿನ ಜೀವಿ ತಣ್ಣೀರಿಗೆ ಬರಲಿಲ್ಲ. ನೆಲದ ಮೇಲಿನ ಸಸ್ತನಿಗಳ ನಡುವೆ ಸಾಗರಗಳೇ ಅಡ್ಡ ನಿಂತಿದ್ದವು. ಜೀವಿಗಳಿಗೆ ಪ್ರಾಂತ್ಯಗಳಿದ್ದುದರಿಂದಲೇ ಅವುಗಳಿಂದ ಎಣಿಸುವ ಕಾಲಕ್ಕೂ ಪ್ರಾಂತ್ಯಗಳು ಹುಟ್ಟಿಕೊಂಡವು. ಕೇಂಬ್ರಿಯನ್ ಯುಗದ ಮೊದಲರ್ಧದಲ್ಲಿ ಇದು ಎಷ್ಟು ತೀವ್ರವೆಂದರೆ, ಸೈಬೀರಿಯಾದವರು ಟೊಮೊಟಿಯನ್, ಅಟ್ಡಬಾನಿಯನ್ ಎಂದು ತಮ್ಮ ಘಟ್ಟಗಳನ್ನು ಯಾವತ್ತೋ ಹೆಸರಿಸಿಕೊಂಡಿದ್ದರೂ ಜಾಗತಿಕ ಪಟ್ಟಿಯಲ್ಲಿ ಆ ಜಾಗಗಳು ಇನ್ನೂ ‘ಎರಡನೆಯ ಘಟ್ಟ’, ‘ಮೂರನೆಯ ಘಟ್ಟ’ ಎಂಬ ಬರಿಯ ಅಂಕೆಗಳಾಗಿಯೇ ಉಳಿದಿವೆ. ಎಲ್ಲ ಖಂಡಗಳೂ ಒಪ್ಪುವ ಒಂದು ಪಳೆಯುಳಿಕೆ ಸಿಕ್ಕಿಲ್ಲ.

ನ್ಯೂಜಿಲೆಂಡಿನಷ್ಟು ಈ ಪಾಠವನ್ನು ಚೆನ್ನಾಗಿ ಕಲಿತ ದೇಶ ಇನ್ನೊಂದಿಲ್ಲ. ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಗೊಂಡ್ವಾನದಿಂದ ಬೇರೆಯಾಗಿ ಪೆಸಿಫಿಕ್ ಸಾಗರದೊಳಗೆ ಸರಿದ ಆ ನೆಲದ ಸುತ್ತ ಚಿಪ್ಪುಜೀವಿಗಳು ತಮ್ಮದೇ ದಾರಿಯಲ್ಲಿ ವಿಕಾಸಗೊಂಡವು. ಪ್ಯಾರಿಸ್, ಇಟಲಿಗಳ ಚಿಪ್ಪುಗಳ ಮೇಲೆ ಕಟ್ಟಿದ ಘಟ್ಟಗಳನ್ನು ಅಲ್ಲಿ ಗುರುತಿಸಲು ಹೊರಟವರಿಗೆ ಸಿಕ್ಕಿದ್ದು ಗೊಂದಲ ಮಾತ್ರ. ಯುರೋಪಿನ ಹೆಸರನ್ನು ಬಲವಂತವಾಗಿ ಹೇರುವುದಕ್ಕಿಂತ ಸ್ವಂತ ಹೆಸರುಗಳೇ ಇರಲಿ ಎಂದು 1916ರಲ್ಲಿ ವಾದಿಸಿದವರು ಜೇಮ್ಸ್ ಆಲನ್ ಥಾಮ್ಸನ್. 1940ರ ದಶಕದಲ್ಲಿ ಹೆರಾಲ್ಡ್ ಫಿನ್ಲೇ ಮತ್ತು ಜಾನ್ ಮಾರ್ವಿಕ್ ಅದನ್ನು ಗಟ್ಟಿ ಮಾಡಿದರು. ಮಾರ್ವಿಕ್ ಚಿಪ್ಪುಗಳ ಪರಿಣತ. ಫಿನ್ಲೇ ನೋಡುತ್ತಿದ್ದುದು ಸೂಕ್ಷ್ಮದರ್ಶಕದಡಿ ನೋಡಬೇಕಾದ ಫೊರಾಮಿನಿಫೆರಾ ಎಂಬ ಜೀವಿಗಳ ಪಳೆಯುಳಿಕೆಗಳನ್ನು. ಕೊಳವೆಬಾವಿಯಿಂದ ಹೊರಬರುವ ಹಿಡಿ ಮಣ್ಣಿನಲ್ಲೂ ಇವು ನೂರಾರು ಸಿಗುವುದರಿಂದ ತೈಲ ಹುಡುಕುವವರಿಗೆ ಈ ವಿದ್ಯೆ ತಕ್ಷಣ ಬೇಕಾಯಿತು.

ಟ್ಯೂರಿಯನ್, ವೈಪಾವನ್, ಬೋರ್ಟೋನಿಯನ್, ಡಂಟ್ರೂನಿಯನ್, ವೈಟಾಕಿಯನ್, ಟೊಂಗಾಪೊರುಟುವನ್, ಕಪೀಟಿಯನ್, ಓಪೊಯಿಟಿಯನ್, ನುಕುಮಾರುವನ್, ಕ್ಯಾಸಲ್‌ಕ್ಲಿಫಿಯನ್. ಹೊಳೆ, ಕಣಿವೆ, ಕಡಲಂಚಿನ ಬಂಡೆಗಳ ಈ ಹೆಸರುಗಳಲ್ಲಿ ಹೆಚ್ಚಿನವು ಮಾವೊರಿ ಭಾಷೆಯವು. ವಾಂಗನೂಯಿ ಹತ್ತಿರದ ಕ್ಯಾಸಲ್‌ಕ್ಲಿಫ್‌ನ ದಡದಲ್ಲಿ ಚಿಪ್ಪಿನ ಪದರಗಳು ಒಂದರ ಮೇಲೊಂದು ಎದ್ದು ನಿಂತಿವೆ. ಹಿಮಯುಗಗಳಲ್ಲಿ ಸಮುದ್ರ ಏರಿಳಿದ ದಾಖಲೆ ಇಷ್ಟು ಪೂರ್ಣವಾಗಿ ಜಗತ್ತಿನಲ್ಲಿ ಕೆಲವೇ ಕಡೆ ಇದೆ. 2004ರಲ್ಲಿ ಅಲ್ಲಿನ ವಿಜ್ಞಾನಿಗಳು ನ್ಯೂಜಿಲೆಂಡಿನ ಭೂಕಾಲಪಟ್ಟಿಗೆಂದೇ ಒಂದು ದೊಡ್ಡ ಗ್ರಂಥ ತಂದರು. ಜ್ವಾಲಾಮುಖಿಯ ಬೂದಿಪದರಗಳು ಮತ್ತು ಕಲ್ಲಿನಲ್ಲಿ ಉಳಿದ ಕಾಂತೀಯ ಗುರುತುಗಳ ನೆರವಿನಿಂದ ಪ್ರತಿ ಸ್ಥಳೀಯ ಘಟ್ಟವನ್ನೂ ವರ್ಷಗಳ ಲೆಕ್ಕಕ್ಕೆ ಕೂಡಿಸುವ ಕೆಲಸ ನಡೆದಿದೆ. ಹಾಗೆ ಕೂಡಿಸಿದ ಮೇಲೂ ಸ್ಥಳೀಯ ಹೆಸರುಗಳನ್ನು ಅವರು ಬಿಡಲಿಲ್ಲ. ಜೂನ್, ಜುಲೈ ಎನ್ನುವುದು ಕಚೇರಿಯ ಲೆಕ್ಕವಾದರೆ ಬಿತ್ತನೆಗೆ ನಿಂತ ರೈತ ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳ ಲೆಕ್ಕದಲ್ಲೇ ಮಾತಾಡುತ್ತಾನಲ್ಲ, ಅದೇ ರೀತಿ. ಎರಡೂ ಅಳೆಯುವುದು ಒಂದೇ ವರ್ಷವನ್ನು. ಹೊಲದಲ್ಲಿ ಏನಾಗುತ್ತಿದೆ ಎಂಬುದನ್ನು ಹೇಳುವುದು ಎರಡನೆಯ ಲೆಕ್ಕ.

ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಇಂಥ ಕಾಲಪಟ್ಟಿ ಚಿನ್ನದ ಗಣಿಗಳ ನಡುವೆ ಹುಟ್ಟಿತು. ಬೆಂಡಿಗೊ, ಕ್ಯಾಸಲ್‌ಮೇನ್ ಸುತ್ತ 1851ರಲ್ಲಿ ಚಿನ್ನಕ್ಕಾಗಿ ಜನಸಾಗರ ನುಗ್ಗಿತ್ತು. ಅಲ್ಲಿನ ಚಿನ್ನ ಮಡಿಚಿಕೊಂಡ ಪದರಗಳ ನೆತ್ತಿಯಲ್ಲಿ ಕೂತಿರುತ್ತದೆ. ಒಂದೇ ತರಹ ಕಾಣುವ ಕಪ್ಪು ಜೇಡಿಗಲ್ಲು, ಮರಳುಗಲ್ಲುಗಳಲ್ಲಿ ಯಾವ ಮಡಿಕೆ ಯಾವುದೆಂದು ತಿಳಿಯುವುದು ಹೇಗೆ? ಪದರಗಳನ್ನು ಸೀಳಿದಾಗ ಪೆನ್ಸಿಲ್ ಗೀಚಿನಂತೆ ಕಾಣುವ ಗ್ರಾಪ್ಟೊಲೈಟ್‌ಗಳು ದಾರಿ ತೋರಿದವು. ಥಾಮಸ್ ಸಾರ್ಜೆಂಟ್ ಹಾಲ್ 1890ರ ದಶಕದಲ್ಲಿ ಅವುಗಳ ಅನುಕ್ರಮ ಹಿಡಿದರು. ಶಾಲಾ ಮೇಷ್ಟರಾಗಿದ್ದ ವಿಲಿಯಂ ಜಾನ್ ಹ್ಯಾರಿಸ್ ತಮ್ಮ ಸಹೋದ್ಯೋಗಿಗಳೊಂದಿಗೆ ಅದನ್ನು ಬೆಳೆಸಿದರು. ಲ್ಯಾನ್ಸ್‌ಫೀಲ್ಡಿಯನ್, ಬೆಂಡಿಗೋನಿಯನ್, ಚ್ಯೂಟೋನಿಯನ್, ಕ್ಯಾಸಲ್‌ಮೇನಿಯನ್, ಯಪೀನಿಯನ್, ಡಾರಿವಿಲಿಯನ್: ಚಿನ್ನದ ಊರುಗಳು, ಅವುಗಳ ಸುತ್ತಮುತ್ತಲಿನ ಹಳ್ಳಿಗಳು ಆರ್ಡೊವಿಶಿಯನ್ ಯುಗದ ಘಟ್ಟಗಳಾದವು.

ಈ ಆರ್ಡೊವಿಶಿಯನ್ ಯುಗದ ಮುಂದಿನ ಕತೆ ಬೋಧಪ್ರದವಾಗಿದೆ. 1879ರಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ವೇಲ್ಸ್‌ನಲ್ಲೇ ಅದನ್ನು ಸ್ಥಾಪಿಸಿದ್ದರು. ಸೆಜ್‌ವಿಕ್, ಮರ್ಚಿಸನ್ ಇಬ್ಬರೂ ತಮ್ಮದೆಂದು ಜಗಳವಾಡಿದ್ದ ಪದರಗಳಿಗೆ ಮೂರನೆಯ ಹೆಸರು ಕೊಟ್ಟು ಜಗಳ ತೀರಿಸಿದ್ದರು. ಅದರ ಒಳಭಾಗಗಳಿಗೂ ಆರೆನಿಗ್, ಲ್ಯಾನ್‌ವರ್ನ್, ಕ್ಯಾರಡಾಕ್, ಆಶ್‌ಗಿಲ್ ಎಂದು ಬ್ರಿಟನ್ನಿನ ಹೆಸರುಗಳೇ ಪುಸ್ತಕಗಳಲ್ಲಿ ದೀರ್ಘಕಾಲ ರಾರಾಜಿಸಿದವು. ಜಾಗತಿಕ ಗಡಿಗಳನ್ನು ಹೊಸದಾಗಿ ನಿರ್ಧರಿಸಲು ಕೂತಾಗ ಬ್ರಿಟನ್ನಿನ ಈ ವಿಭಾಗಗಳನ್ನು ಬೇರೆ ಖಂಡಗಳಲ್ಲಿ ನಿಖರವಾಗಿ ಹಿಡಿಯಲಾಗದು ಎಂಬುದು ಬಯಲಾಯಿತು. ಈಗಿನ ಏಳು ಘಟ್ಟಗಳ ಹೆಸರುಗಳಲ್ಲಿ ವೇಲ್ಸ್‌ನವು ಎರಡು, ಸ್ವೀಡನ್ನಿನವು ಎರಡು, ಚೀನಾ, ಅಮೆರಿಕ, ಆಸ್ಟ್ರೇಲಿಯಾಗಳದ್ದು ಒಂದೊಂದು. ವೇಲ್ಸ್‌ನ ಹೆಸರು ಹೊತ್ತ ಎರಡು ಘಟ್ಟಗಳ ಮೊಳೆಗಳೂ ವೇಲ್ಸ್‌ನಲ್ಲಿಲ್ಲ. ಒಂದು ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿದೆ, ಇನ್ನೊಂದು ಚೀನಾದಲ್ಲಿ. ವಿಕ್ಟೋರಿಯಾದ ಡಾರಿವಿಲಿಯನ್ ಜಾಗತಿಕ ಪಟ್ಟಿಗೆ ಸೇರಿತು, ಆದರೆ ಅದರ ಮೊಳೆಯೂ ಚೀನಾದ ಹುವಾಂಗ್ನಿತಾಂಗ್‌ನಲ್ಲಿದೆ. ಇದರಲ್ಲಿ ಅನ್ಯಾಯವೇನಿಲ್ಲ. ಹೆಸರಿಗೆ ಮೊದಲು ಕೆಲಸ ಮಾಡಿದವರ ಗೌರವ, ಮೊಳೆಗೆ ಅತ್ಯಂತ ಪೂರ್ಣವಾದ ಬಂಡೆ ಎಂಬ ಈ ಹಂಚಿಕೆ ವಿಜ್ಞಾನದಲ್ಲಿ ಕಾಣುವ ಒಳ್ಳೆಯ ರಾಜಿಗಳಲ್ಲಿ ಒಂದು.

ಕಾರ್ಬಾನಿಫೆರಸ್‌ನಲ್ಲಿ ರಾಜಿ ಇನ್ನೊಂದು ರೂಪ ತಳೆಯಿತು. ಅಮೆರಿಕದವರು ಅದನ್ನು ಒಂದು ಯುಗವೆಂದು ಒಪ್ಪದೆ ಮಿಸಿಸಿಪ್ಪಿಯನ್, ಪೆನ್ಸಿಲ್ವೇನಿಯನ್ ಎಂದು ಎರಡು ಯುಗ ಮಾಡಿಕೊಂಡಿದ್ದರು. ಅವರ ನೆಲದಲ್ಲಿ ಕೆಳಗೆ ಸಮುದ್ರದ ಸುಣ್ಣಕಲ್ಲು, ಮೇಲೆ ಕಲ್ಲಿದ್ದಲು, ನಡುವೆ ದೊಡ್ಡ ಸವೆತದ ಗೆರೆ. ಈಗ ಎರಡೂ ಕಾರ್ಬಾನಿಫೆರಸ್‌ನ ಉಪಯುಗಗಳಾಗಿ ಪಟ್ಟಿಯೊಳಗಿವೆ. ಅವುಗಳ ಒಳಗಿನ ಏಳು ಘಟ್ಟಗಳಲ್ಲಿ ಎರಡು ಬೆಲ್ಜಿಯಂನವು, ಐದು ರಷ್ಯಾದವು. ಅಮೆರಿಕದ ಘಟ್ಟ ಒಂದೂ ಇಲ್ಲ.

ರಾಜಿಯಾಗದೆ ಉಳಿದದ್ದು ವೆಂಡಿಯನ್. ರಷ್ಯಾದ ಬಯಲಿನಡಿ ಕೊರೆದು ತೆಗೆದ ಬಂಡೆಗಳನ್ನು ಅಭ್ಯಸಿಸಿದ ಬೋರಿಸ್ ಸೊಕೊಲೊವ್, ಕೇಂಬ್ರಿಯನ್‌ಗೂ ಮೊದಲು ಮೃದುದೇಹದ ಜೀವಿಗಳ ಒಂದು ಪ್ರತ್ಯೇಕ ಕಾಲವಿತ್ತು ಎಂದು 1952ರಲ್ಲಿ ಆ ಹೆಸರಿಟ್ಟರು. ಆಮೇಲೆ ಬಿಳಿ ಸಮುದ್ರದ ದಡದಲ್ಲಿ ಸಿಕ್ಕ ಪಳೆಯುಳಿಕೆಗಳು ಅವರ ಮಾತಿಗೆ ಬಲ ಕೊಟ್ಟವು. ಅತ್ತ ದಕ್ಷಿಣ ಆಸ್ಟ್ರೇಲಿಯಾದ ಇಡಿಯಾಕರಾ ಗುಡ್ಡಗಳಲ್ಲಿ ರೆಗ್ ಸ್ಪ್ರಿಗ್ 1946ರಲ್ಲೇ ಅಂಥ ಅಚ್ಚುಗಳನ್ನು ಕಂಡಿದ್ದರು. ಚೀನಾದವರು ತಮ್ಮ ಹಳೆಯ ಬಂಡೆಗಳಿಗೆ ಸಿನಿಯನ್ ಎನ್ನುತ್ತಿದ್ದರು. ಮೂರು ದೇಶ, ಮೂರು ಹೆಸರು. 2004ರಲ್ಲಿ ಗೆದ್ದದ್ದು ಇಡಿಯಾಕರನ್. ಅದರ ಮೊಳೆ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ, ಜಗತ್ತನ್ನೇ ಆವರಿಸಿದ್ದ ಹಿಮ ಕರಗಿದ ಮೇಲೆ ಕೂತ ಡಾಲೊಮೈಟ್ ಪದರದ ತಳದಲ್ಲಿದೆ. ಅವಧಿ ಸುಮಾರು 63.5 ಕೋಟಿ ವರ್ಷಗಳಿಂದ 53.9 ಕೋಟಿ ವರ್ಷಗಳ ಹಿಂದಿನವರೆಗೆ. ಹಿಮದ ನಂತರದ ಆ ಪದರ ಹಲವು ಖಂಡಗಳಲ್ಲಿ ಗುರುತು ಸಿಗುತ್ತದೆ. ಸೊಕೊಲೊವ್ ಅವರ ಆಧಾರ ಮಾತ್ರ ಮುಖ್ಯವಾಗಿ ನೆಲದಡಿಯ ಕೊರೆತದಲ್ಲಿತ್ತು; ಹಿಮದ ಪದರವೂ ಅವರ ವೆಂಡಿಯನ್‌ನ ಭಾಗವಾಗಿತ್ತು. ವಾದ ಸೋತರೂ ರಷ್ಯಾ ತನ್ನ ಪಟ್ಟಿಯಿಂದ ವೆಂಡಿಯನ್ ಅಳಿಸಲಿಲ್ಲ. ಅರ್ಧ ಶತಮಾನದ ನಕ್ಷೆಗಳು, ಗಣಿ ವರದಿಗಳು, ತೈಲಬಾವಿಗಳ ದಾಖಲೆಗಳು ಆ ಹೆಸರಿನಲ್ಲಿರುವಾಗ ಒಂದು ಮತದಾನದಿಂದ ಅದು ಅಳಿಯುವುದೂ ಇಲ್ಲ.

ಭಾರತ ಈ ಪಟ್ಟಿಗೆ ಕೊಟ್ಟದ್ದು ಕಡಿಮೆಯೇನಲ್ಲ. ಟ್ರಯಾಸಿಕ್ ಯುಗದ ಮೊದಲ ಘಟ್ಟ ಇಂಡುವನ್, ಸಿಂಧೂ ನದಿಯ ಹೆಸರಿನದು. ಈಗ ಪಾಕಿಸ್ತಾನದಲ್ಲಿರುವ ಸಾಲ್ಟ್ ರೇಂಜ್ ಬೆಟ್ಟಗಳ ಪದರಗಳ ನೆನಪಿಗೆ ಅದನ್ನಿಟ್ಟವರು ರಷ್ಯನ್ನರು. ಆ ಘಟ್ಟದ ಆರಂಭವೆಂದರೆ ಭೂಮಿಯ ಅತಿದೊಡ್ಡ ಜೀವನಾಶ ಮುಗಿದ ಗಡಿ. ಅದರ ಮೊಳೆಗಾಗಿ ಸ್ಪರ್ಧಿಸಿದ ನಾಲ್ಕು ಜಾಗಗಳಲ್ಲಿ ಶ್ರೀನಗರದ ಬಳಿಯ ಗುರ್ಯುಲ್ ಕಮರಿಯೂ ಒಂದು. 2001ರಲ್ಲಿ ಮೊಳೆ ಚೀನಾದ ಮೇಶಾನ್ ಪಾಲಾಯಿತು. ಜೀವನಾಶದ ಆ ಗಡಿಯನ್ನು ಓದಬಲ್ಲ ಗುರ್ಯುಲ್‌ನ ಬಂಡೆ ಇಂದಿಗೂ ಅಮೂಲ್ಯವೇ. ಸ್ಪರ್ಧೆಯಲ್ಲಿ ಸೋತದ್ದಕ್ಕೆ ಅದರ ರಕ್ಷಣೆ ಸಡಿಲವಾಗಬಾರದು.

ಭಾರತದ ನೆಲಕ್ಕೆ ಮೊದಲ ಮೊಳೆ ಬಂದದ್ದು 2018ರಲ್ಲಿ. ಮೇಘಾಲಯದ ಸೊಹ್ರಾ ಹತ್ತಿರದ ಮಾಮ್ಲೂ ಗುಹೆಯ ನೆಲದಿಂದ ಎದ್ದ ಒಂದು ಸುಣ್ಣದ ಕಂಬದಲ್ಲಿ, ಆಮ್ಲಜನಕದ ಎರಡು ರೂಪಗಳ ಪ್ರಮಾಣ ಒಂದು ಹಂತದಲ್ಲಿ ಥಟ್ಟನೆ ಬದಲಾಗಿದೆ. ಗುಹೆಯೊಳಗೆ ಹನಿಯುವ ನೀರು ಮಳೆಯದ್ದೇ ಆದ್ದರಿಂದ ಆ ಬದಲಾವಣೆ ಮುಂಗಾರು ಸೊರಗಿದ್ದನ್ನು ಹೇಳುತ್ತದೆ. ಯುರೇನಿಯಂ–ಥೋರಿಯಂ ಲೆಕ್ಕದಿಂದ ಅದರ ಕಾಲ 2000ನೇ ಇಸವಿಗೆ 4,250 ವರ್ಷ ಹಿಂದೆ ಎಂದು ನಿಗದಿಯಾಯಿತು. ಅಲ್ಲಿಂದ ಇಂದಿನವರೆಗಿನ ಕಾಲ ಇಡೀ ಜಗತ್ತಿಗೆ ಮೇಘಾಲಯನ್ ಘಟ್ಟ. ಜಗತ್ತಿನ ಅತ್ಯಂತ ಹೆಚ್ಚು ಮಳೆ ಬೀಳುವ ನೆಲದ ಗುಹೆ ಬರಗಾಲದ ಸಾಕ್ಷಿಯಾಯಿತು. ಆ ಬರ ಎಲ್ಲ ಖಂಡಗಳಲ್ಲೂ ಒಂದೇ ಹೊತ್ತಿಗೆ ಬಂದಿತ್ತೇ, ನಾಗರಿಕತೆಗಳ ಕುಸಿತಕ್ಕೆ ಅದೇ ಕಾರಣವೇ ಎಂದು ಕೆಲವು ಪುರಾತತ್ವಜ್ಞರು ಪ್ರಶ್ನಿಸಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಸ್ಥಳೀಯ ಘಟನೆಯೊಂದನ್ನು ಜಾಗತಿಕ ಗಡಿಯಾಗಿಸುವಾಗ ಈ ಆಕ್ಷೇಪ ಬಂದೇ ಬರುತ್ತದೆ. ವೇಲ್ಸ್‌ನ ಘಟ್ಟಗಳಿಗೂ ಬಂದಿತ್ತು.

ಇಷ್ಟರವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಪಳೆಯುಳಿಕೆ ಇರುವ ಕಾಲದ ಮಾತು. ಕರ್ನಾಟಕದ ಬಂಡೆಗಳಲ್ಲಿ ಹೆಚ್ಚಿನವು ಅದಕ್ಕೂ ಬಹಳ ಹಿಂದಿನವು. ಬಾದಾಮಿಯ ಮೇಣಬಸದಿಗಳನ್ನು ಕೊರೆದ ಮರಳುಗಲ್ಲು ಕಲಾದಗಿ ಬಂಡೆಗಳ ಸಾಲಿನದು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಈ ಬಂಡೆಗಳನ್ನು ವಿವರಿಸಿದ್ದರು. ಕಲಬುರಗಿ ಕಡೆ ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಭೀಮಾ ಬಂಡೆಗಳ ಸಾಲಿನದು. ಎರಡೂ ಹಾಲೆಂಡ್ ಹೇಳಿದ ಪುರಾಣ ವಿಭಾಗಕ್ಕೆ ಸೇರಿದವು. ನಾಲ್ಕು ವಿಭಾಗಗಳಲ್ಲಿ ಆರ್ಯ, ದ್ರಾವಿಡ ಮಾಯವಾದವು; ಆರ್ಕಿಯನ್ ಮೊದಲೇ ಅಂತಾರಾಷ್ಟ್ರೀಯವಾಗಿತ್ತು. ಪುರಾಣ ಮಾತ್ರ ಗಟ್ಟಿಯಾಗಿ ಉಳಿಯಿತು. ಕಡಪ, ವಿಂಧ್ಯ, ಛತ್ತೀಸಗಢ, ಕಲಾದಗಿ, ಭೀಮಾಗಳನ್ನು ಭೂವಿಜ್ಞಾನಿಗಳು ಇವತ್ತಿಗೂ ಒಟ್ಟಾಗಿ ‘ಪುರಾಣ ಜಲಾನಯನಗಳು’ ಎನ್ನುತ್ತಾರೆ. ಹಳೆಯ ಗಟ್ಟಿ ನೆಲದ ಮೇಲೆ ಹೆಚ್ಚು ಮಡಿಕೆಯಿಲ್ಲದೆ ನೆಮ್ಮದಿಯಾಗಿ ಕೂತ ಪದರಗಳು ಎಂಬ ಅರ್ಥವನ್ನು ಜಾಗತಿಕ ಪಟ್ಟಿಯ ಯಾವ ಹೆಸರೂ ಕೊಡಲಾರದು. ಆ ಹೆಸರು ಬದುಕಿದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ನೂ ಆಳಕ್ಕೆ ಇಳಿದರೆ ಧಾರವಾಡ. ಕೋಲಾರ, ಹಟ್ಟಿ, ಗದಗಗಳ ಚಿನ್ನ, ಬಳ್ಳಾರಿ, ಬಾಬಾಬುಡನ್‌ಗಿರಿಗಳ ಕಬ್ಬಿಣ ಎಲ್ಲವೂ ಹಸಿರುಗಪ್ಪು ಬಂಡೆಗಳ ಪಟ್ಟೆಗಳಲ್ಲಿವೆ ಎಂದು ಕಂಡ ಫೂಟ್ 1886ರಲ್ಲಿ ಅವನ್ನೆಲ್ಲ ಸೇರಿಸಿ ‘ಧಾರವಾಡ’ ಎಂದು ಕರೆದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾದಾಗ ಅದರ ಮುಖ್ಯಸ್ಥರೂ ಅವರೇ. ಅವರ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್, ಧಾರವಾಡವೇ ಎಲ್ಲಕ್ಕಿಂತ ಹಳೆಯದು, ಸುತ್ತಲಿನ ಪೆನಿನ್ಸುಲಾರ್ ನೈಸ್ ಬಂಡೆ ಆಮೇಲೆ ಕೆಳಗಿನಿಂದ ನುಗ್ಗಿದ್ದು ಎಂದರು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಬಂಡೆ ಆ ನೈಸ್‌ನದೇ. ಪಳೆಯುಳಿಕೆಯ ಸೇತುವೆ ಇಲ್ಲದ ಆ ಕಾಲಕ್ಕೆ ಬಂಡೆಯ ಹೆಸರೇ ಕಾಲದ ಹೆಸರಾಗಿ ಬಳಕೆಯಾಯಿತು. ದೇಶದ ಬೇರೆ ಮೂಲೆಗಳಲ್ಲೂ ಹಸಿರುಗಪ್ಪು ಬಂಡೆ ಕಂಡರೆ ‘ಧಾರವಾಡ ಕಾಲದ್ದು’ ಎಂದು ಬರೆಯುವ ರೂಢಿ ಬೆಳೆಯಿತು. ಇದು ದೊಡ್ಡ ದಾರಿತಪ್ಪು.

ದಾರಿ ಸರಿಪಡಿಸಿದ ಜಾಗಗಳಲ್ಲಿ ಚಿಕ್ಕಮಗಳೂರು ಬಳಿಯ ಕಾರ್ತಿಕೆರೆ ಮುಖ್ಯ. ಹೊಳೆಯಲ್ಲಿ ಉರುಳಿ ನುಣುಪಾದ ಬೆಣಚಿನ ಉರುಟುಗಳು ಹುದುಗಿರುವ ಒಂದು ಪದರ ಅಲ್ಲಿ ನೈಸ್ ಬಂಡೆಯ ಮೇಲೆ ಕೂತಿದೆ. ಬಾಬಾಬುಡನ್ ಸಾಲಿನ ತಳ ಅದೇ. ಸವೆದ ನೈಸ್ ನೆಲದ ಮೇಲೆ ಹೊಳೆ ಹರಿದು ಹಾಸಿದ್ದು ಎಂದರೆ ನೈಸ್ ಹಳೆಯದು, ಈ ಧಾರವಾಡ ಹೊಸದು. ಹಾಗಾದರೆ ನೈಸ್‌ನೊಳಗೆ ಚೂರುಚೂರಾಗಿ ಸಿಕ್ಕಿಕೊಂಡಿರುವ ಇನ್ನೂ ಹಳೆಯ ಹಸಿರುಗಪ್ಪು ಬಂಡೆಗಳು ಯಾವುವು? ಹೆಗ್ಗಡದೇವನಕೋಟೆಯ ಸರಗೂರು ಕಡೆ ಅವು ಚೆನ್ನಾಗಿ ಕಾಣುವುದರಿಂದ ಅವುಗಳಿಗೆ ಸರಗೂರು ಗುಂಪು ಎಂಬ ಬೇರೆ ಹೆಸರು ಬಂತು. ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಅವರು 1981ರಲ್ಲಿ ಪ್ರಕಟಿಸಿದ ಸರ್ವೇಕ್ಷಣ ಇಲಾಖೆಯ ದೊಡ್ಡ ವರದಿ ಈ ಕ್ರಮವನ್ನು ನೆಲೆಗೊಳಿಸಿತು: ಸರಗೂರು, ನೈಸ್, ಬಾಬಾಬುಡನ್, ಚಿತ್ರದುರ್ಗ. ಬಿ.ಪಿ. ರಾಧಾಕೃಷ್ಣ ಅವರು ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯ ಮೂಲಕ ಈ ಚರ್ಚೆಯನ್ನು ದಶಕಗಳ ಕಾಲ ಜೀವಂತವಾಗಿಟ್ಟರು, ಕನ್ನಡದಲ್ಲೂ ಬರೆದರು.

ಬಂಡೆಗಳಿಗೆ ವರ್ಷ ಹೇಳಲು ಯುರೇನಿಯಂ ಸೀಸವಾಗಿ ಮಾರ್ಪಡುವ ಲೆಕ್ಕ, ರುಬಿಡಿಯಂ ಸ್ಟ್ರಾಂಷಿಯಂ ಆಗುವ ಲೆಕ್ಕ ಬಂದವು. ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ. ಬಾಬಾಬುಡನ್, ಚಿತ್ರದುರ್ಗ ಪದರಗಳು ಸುಮಾರು 290ರಿಂದ 260 ಕೋಟಿ ವರ್ಷಗಳ ನಡುವಿನವು. ರಾಮನಗರದ ಬೆಟ್ಟಗಳನ್ನು ಒಳಗೊಂಡು ಉತ್ತರಕ್ಕೆ ನೂರಾರು ಕಿಲೋಮೀಟರ್ ಹರಡಿರುವ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 252 ಕೋಟಿ ವರ್ಷ.

ಇತ್ತ ಜಾಗತಿಕ ಪಟ್ಟಿಯಲ್ಲಿ ಆರ್ಕಿಯನ್ ಒಳಗೆ 360, 320, 280 ಕೋಟಿ ವರ್ಷಗಳಲ್ಲಿ ಗೆರೆಗಳಿವೆ. ಆರ್ಕಿಯನ್ ಮುಗಿಯುವುದು 250 ಕೋಟಿಗೆ. ಇವು ಯಾವ ಬಂಡೆಯಲ್ಲೂ ಹೊಡೆದ ಮೊಳೆಗಳಲ್ಲ. ಆಯೋಗ ಅನುಕೂಲಕ್ಕೆ ಆರಿಸಿಕೊಂಡ ದುಂಡು ಅಂಕೆಗಳು. 280 ಕೋಟಿಯ ಗೆರೆ ಧಾರವಾಡ ಪದರಗಳ ನಡುವೆ ಹಾದುಹೋಗುತ್ತದೆ, ಆದರೆ ಗೆರೆಯೆಂದು ಬೆರಳಿಟ್ಟು ತೋರಿಸಬಹುದಾದ ಗುರುತು ಅಲ್ಲಿಲ್ಲ. ಕಾರ್ತಿಕೆರೆಯಲ್ಲಿ ಕಣ್ಣಿಗೆ ಹೊಡೆಯುವ ಗಡಿ ಇದೆ, ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಇಂಥ ದೂರುಗಳು ಜಗತ್ತಿನ ಎಲ್ಲ ಹಳೆಯ ಖಂಡಭಾಗಗಳಿಂದ ಬಂದಿವೆ. ಅಂಕೆಗಳ ಬದಲು ಬಂಡೆಯಲ್ಲಿ ದಾಖಲಾದ ಘಟನೆಗಳಿಂದಲೇ ಆ ಪ್ರಾಚೀನ ಕಾಲವನ್ನೂ ವಿಭಾಗಿಸಬೇಕೆಂದು ಮಾರ್ಟಿನ್ ವಾನ್ ಕ್ರಾನೆಂಡೊಂಕ್ ಮತ್ತು ಸಂಗಡಿಗರು 2012ರಲ್ಲಿ ವಿವರವಾದ ಸಲಹೆ ಮುಂದಿಟ್ಟರು. ಅದರಂತೆ ಆರ್ಕಿಯನ್ ಕೊನೆಯಾಗುವುದು 250 ಕೋಟಿಗಲ್ಲ, ಮೊದಲ ದೊಡ್ಡ ಹಿಮಗಾಲದ ಪದರಗಳು ಕಾಣಿಸಿಕೊಳ್ಳುವ ಸುಮಾರು 242 ಕೋಟಿಗೆ. ಮಾದರಿ ಪಶ್ಚಿಮ ಆಸ್ಟ್ರೇಲಿಯಾದ ಬಂಡೆಗಳು. ಸಲಹೆ ಇನ್ನೂ ಚರ್ಚೆಯಲ್ಲಿದೆ. ಅದು ಜಾರಿಗೆ ಬಂದರೆ ಈಗ ಗೆರೆಗೆ ಎರಡು ಕೋಟಿ ವರ್ಷವಷ್ಟೇ ದೂರವಿರುವ ರಾಮನಗರದ ಗ್ರಾನೈಟ್ ಗೆರೆಯಿಂದ ಹತ್ತು ಕೋಟಿ ವರ್ಷ ಒಳಗೆ ಸರಿಯುತ್ತದೆ. ಆರ್ಕಿಯನ್‌ನ ಒಳವಿಭಾಗಗಳಿಗೆ ಬಂಡೆಗಳಲ್ಲಿ ಗುರುತು ಹುಡುಕುವ ಆ ಚರ್ಚೆಯಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ, ದಕ್ಷಿಣ ಆಫ್ರಿಕಾಗಳ ಬಂಡೆಗಳ ಪಕ್ಕದಲ್ಲಿ ಕಾರ್ತಿಕೆರೆಯ ಉರುಟುಕಲ್ಲಿನ ಪದರವನ್ನೂ ಇಟ್ಟು ವಾದಿಸುವಷ್ಟು ಆಧಾರ ಕರ್ನಾಟಕದ ಭೂವಿಜ್ಞಾನಿಗಳ ಬಳಿ ಇದೆ. ಅದಕ್ಕೆ ಮೊದಲು ರಸ್ತೆ, ತೋಟ, ಕಲ್ಲುಕ್ವಾರಿಗಳ ನಡುವೆ ಆ ಪದರ ಉಳಿಯಬೇಕು.